ಬೆಂಗಳೂರಿನಿಂದ ಲಂಡನ್‌ವರೆಗೆ ಓಡಿಸಿದ ಕಾರು: ಅಲ್ಲೇ ಮಾರುವುದೋ, ಮನೆಗೆ ತರುವುದೋ?

ಕೆಎ ನಂಬರಿನ ಕಾರಿನಲ್ಲಿ ನೇಪಾಳ, ಚೀನಾ, ಮಧ್ಯ ಏಷ್ಯಾ ದಾಟಿ ಯುರೋಪ್ ಸೇರುವ ಪ್ರವಾಸಕ್ಕೆ ಹೊರಡುವವರು ಹೋಗುವ ದಾರಿಯನ್ನು ತಿಂಗಳುಗಟ್ಟಲೆ ಕುಳಿತು ಯೋಜಿಸುತ್ತಾರೆ. ಕಾರು ಹೇಗೆ ಹಿಂದಿರುಗಬೇಕು, ಅಥವಾ ಹಿಂದಿರುಗಲೇಬೇಕೇ ಎಂಬ ಪ್ರಶ್ನೆ ಮಾತ್ರ ಬಹುತೇಕರಿಗೆ ಏಳುವುದು ಲಂಡನ್ ತಲುಪಿ ಫೋಟೊ ತೆಗೆಸಿಕೊಂಡ ಮೇಲೆಯೇ. ಅಷ್ಟು ಹೊತ್ತಿಗೆ ವೀಸಾದ ದಿನಗಳು ಕರಗಿರುತ್ತವೆ, ಹಡಗಿನ ಏಜೆಂಟರು ಕಳಿಸಿದ ದರಪಟ್ಟಿ ಎದೆ ನಡುಗಿಸುತ್ತದೆ, ಅಲ್ಲಿನ ಬಂಧುಗಳು 'ಇಲ್ಲೇ ಮಾರಿಬಿಡಿ, ಯಾಕೆ ಸುಮ್ಮನೆ ಹೊತ್ತುಕೊಂಡು ಹೋಗುತ್ತೀರಿ' ಎಂದು ಸಲಹೆ ಕೊಡುತ್ತಾರೆ. ಈ ಲೇಖನ ಆ ಗಳಿಗೆಯಲ್ಲಿರುವವರಿಗಾಗಿ, ಇನ್ನೂ ಹೊರಡದೆ ಇರುವವರಿಗಾಗಿ ಮತ್ತು ಬ್ರಿಟನ್ ನೋಂದಣಿಯ ಕಾರನ್ನು ಊರಿನ ಕಡೆಗೆ ಓಡಿಸಿಕೊಂಡು ಬರಬೇಕೆಂದಿರುವ ಅನಿವಾಸಿ ಕನ್ನಡಿಗರಿಗಾಗಿ ಬರೆದದ್ದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪರದೇಶದಲ್ಲಿ ಮಾರಾಟವಾಗುವುದು ಕಾರಿನ ಲೋಹ ಮತ್ತು ಎಂಜಿನ್ ಮಾತ್ರ. ಅದಕ್ಕೆ ನೀವು ಇಲ್ಲಿ ಕಟ್ಟಿದ ತೆರಿಗೆ, ಇಲ್ಲಿನ ಆರ್‌ಸಿ, ಇಲ್ಲಿನ ಸರ್ವಿಸ್ ಸೆಂಟರು, ಇಲ್ಲಿನ ಹೆಸರು ಯಾವುದೂ ಗಡಿ ದಾಟುವುದಿಲ್ಲ. ಆದ್ದರಿಂದ ಹೊಸದಾದ ದೊಡ್ಡ ಎಸ್‌ಯುವಿಗೆ ಸಾಮಾನ್ಯವಾಗಿ ಮನೆಗೆ ತರುವುದೇ ಲಾಭ. ಇದಕ್ಕೆ ಅಪವಾದಗಳಿವೆ, ಅವು ಸಣ್ಣವೂ ಅಲ್ಲ.

ಯಾವುದನ್ನು ಅಳೆದು ನೋಡಬೇಕು

ಮೊದಲನೆಯದು ಕಾರ್ನೆಟ್. ಕಾರ್ನೆಟ್ ದ ಪಸಾಜ್ ಎಂಬ ಈ ಪುಸ್ತಕವನ್ನು ವಾಹನದ ಪಾಸ್‌ಪೋರ್ಟ್ ಎಂದು ಕರೆಯುವ ರೂಢಿಯಿದೆಯಾದರೂ, ಅದು ನಿಜದಲ್ಲಿ ಒಂದು ಜಾಮೀನು ಪತ್ರ. ಭಾರತದಲ್ಲಿ ಮುಂಬೈನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್‌ನಂತಹ ಸಂಸ್ಥೆ ನಿಮ್ಮ ಬ್ಯಾಂಕ್ ಗ್ಯಾರಂಟಿಯನ್ನು ಇಟ್ಟುಕೊಂಡು, 'ಈ ಕಾರು ಈ ದೇಶದಲ್ಲಿ ಉಳಿಯುವುದಿಲ್ಲ, ಉಳಿದರೆ ಸುಂಕಕ್ಕೆ ನಾವು ಹೊಣೆ' ಎಂದು ಹೊರದೇಶಗಳ ಕಸ್ಟಮ್ಸ್‌ಗೆ ಮಾತು ಕೊಡುತ್ತದೆ. ಅದರ ಒಂದೊಂದು ಹಾಳೆಯೂ ಮೂರು ತುಂಡಾಗಿರುತ್ತದೆ: ಕೆಳಗಿನ ತುಂಡನ್ನು ದೇಶದೊಳಗೆ ಬರುವಾಗ ಹರಿದುಕೊಳ್ಳುತ್ತಾರೆ, ನಡುವಿನದನ್ನು ಹೊರಗೆ ಹೋಗುವಾಗ ಹರಿದುಕೊಳ್ಳುತ್ತಾರೆ, ಮೇಲಿನದು ಎರಡು ಮೊಹರುಗಳನ್ನು ಹೊತ್ತು ಪುಸ್ತಕದಲ್ಲೇ ಉಳಿಯುತ್ತದೆ. ಒಂದೇ ಮೊಹರು ಇರುವ ಹಾಳೆಯೊಂದು ಉಳಿದುಹೋದರೆ, ಆ ದೇಶದ ಲೆಕ್ಕದಲ್ಲಿ ನಿಮ್ಮ ಕಾರು ಇನ್ನೂ ಅಲ್ಲೇ ಇದೆ ಎಂದರ್ಥ. ಯುರೋಪಿನ ದೇಶಗಳು ಪ್ರವಾಸಿ ಕಾರಿಗೆ ಕಾರ್ನೆಟ್ ಕೇಳದೆ ಒಳಗೆ ಬಿಡುತ್ತವೆ ಎಂದು ಕೆಲವರು ಅದನ್ನು ಮರೆತುಬಿಡುತ್ತಾರೆ. ಆದರೆ ಭಾರತದಿಂದ ಹೊರಟದ್ದು ಆ ಪುಸ್ತಕದ ಮೇಲೆ. ಒಂದೋ ಕಾರು ಮರಳಿದ್ದಕ್ಕೆ ಇಲ್ಲಿನ ಕಸ್ಟಮ್ಸ್ ಮೊಹರು ಬೀಳಬೇಕು, ಇಲ್ಲವೇ ಬೇರೆ ದೇಶದಲ್ಲಿ ಸುಂಕ ಕಟ್ಟಿ ಕಾಯಂ ಆಗಿ ಆಮದಾಯಿತೆಂಬ ಕಾಗದ ತೋರಿಸಬೇಕು. ಎರಡರಲ್ಲಿ ಒಂದು ಆಗುವವರೆಗೆ ಬ್ಯಾಂಕಿನಲ್ಲಿರುವ ಗ್ಯಾರಂಟಿಯ ಹಣ ನಿಮ್ಮದಲ್ಲ. ಕಾರ್ನೆಟ್‌ನ ಅವಧಿ ಒಂದು ವರ್ಷ ಎಂಬುದೂ ನೆನಪಿರಲಿ.

ಎರಡನೆಯದು ಬೆಲೆಯೊಳಗೆ ಅಡಗಿರುವ ತೆರಿಗೆ. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ಕೊಂಡ ದೊಡ್ಡ ಎಸ್‌ಯುವಿಗೆ ಶೇ 28 ಜಿಎಸ್‌ಟಿ ಮತ್ತು ಶೇ 22 ಸೆಸ್ ಸೇರಿ ಶೇ 50 ತೆರಿಗೆ ಬಿದ್ದಿರುತ್ತದೆ. ಆಮೇಲೆ ಕೊಂಡದ್ದಾದರೆ ಶೇ 40. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗಿಂತ ಹೆಚ್ಚಿನ ಬೆಲೆಯ ಕಾರಿಗೆ ಶೇ 18 ಆಜೀವ ತೆರಿಗೆ, ಅದರ ಮೇಲೆ ಸೆಸ್ ಬೇರೆ. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ನಿಮ್ಮ ಕಾರಿಗೆ ಒಳ್ಳೆಯ ಬೆಲೆ ಸಿಗುವುದು ಕೊಳ್ಳುವವನಿಗೆ ಈ ತೆರಿಗೆಯ ಉಳಿಕೆಯೂ ಸೇರಿ ಸಿಗುತ್ತದೆ ಎಂಬುದರಿಂದ. ಬರ್ಮಿಂಗ್‌ಹ್ಯಾಮಿನ ಗಿರಾಕಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ; ಅವನು ತನ್ನ ದೇಶದ ತೆರಿಗೆಯನ್ನು ಮೊದಲಿನಿಂದ ಲೆಕ್ಕ ಹಾಕುತ್ತಾನೆ.

ಮೂರನೆಯದು ಕಾರಿನ ವಯಸ್ಸು ಮತ್ತು ಅಂಗೀಕಾರ. ವಾಹನದ ಬಿಡಿಭಾಗಗಳನ್ನು ದೇಶದೇಶಗಳು ಪರಸ್ಪರ ಒಪ್ಪಿಕೊಳ್ಳುವ 1958ರ ಒಪ್ಪಂದಕ್ಕೆ ಭಾರತ ಸೇರಿಲ್ಲ. ಸೇರಿರುವುದು 1998ರ ಒಪ್ಪಂದಕ್ಕೆ ಮಾತ್ರ. ಹೀಗಾಗಿ ನಿಮ್ಮ ಬಿಎಸ್6 ಕಾರು ಹೊಗೆಯ ವಿಷಯದಲ್ಲಿ ಯೂರೋ 6ಕ್ಕೆ ಎಷ್ಟೇ ಹತ್ತಿರವಿದ್ದರೂ, ಇಲ್ಲಿನ ಪ್ರಮಾಣಪತ್ರದ ಬಲದ ಮೇಲೆ ಅಲ್ಲಿ ತಾನಾಗಿ ನೋಂದಣಿ ಆಗುವುದಿಲ್ಲ. ನಾಲ್ಕನೆಯದು ಸ್ಟಿಯರಿಂಗ್ ಯಾವ ಬದಿಗಿದೆ ಎಂಬುದು. ಐದನೆಯದು ಸಮಯ: ಷೆಂಗೆನ್ ವೀಸಾ ಎಂದರೆ 180 ದಿನಗಳಲ್ಲಿ 90 ದಿನ, ಬ್ರಿಟನ್ನಿನ ಪ್ರವಾಸಿ ವೀಸಾದಲ್ಲಿ ಒಂದು ಭೇಟಿಗೆ ಸಾಮಾನ್ಯವಾಗಿ ಗರಿಷ್ಠ ಆರು ತಿಂಗಳು. ಕಾರಿನ ಮೇಲೆ ಸಾಲ ಇದ್ದರೆ ಇವೆಲ್ಲಕ್ಕೂ ಮುಂಚೆ ಅದನ್ನು ತೀರಿಸಿ ಹೈಪೊಥಿಕೇಷನ್, ಅಂದರೆ ಆರ್‌ಸಿಯಲ್ಲಿರುವ ಸಾಲದ ನಮೂದನ್ನು ತೆಗೆಸಬೇಕು. ಅದಿಲ್ಲದೆ ಮಾರುವ ಮಾತೇ ಇಲ್ಲ.

ಬ್ರಿಟನ್ನಿನಲ್ಲೇ ಮಾರುವುದು

ಬಲಬದಿಯ ಸ್ಟಿಯರಿಂಗ್, ಎಡಬದಿಯ ಸಂಚಾರ, ದೊಡ್ಡ ಹಳೆಯ ಕಾರುಗಳ ಮಾರುಕಟ್ಟೆ: ಮೇಲ್ನೋಟಕ್ಕೆ ನಮ್ಮ ಕಾರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಅನ್ನಿಸುತ್ತದೆ. ತೊಡಕು ಶುರುವಾಗುವುದು ಕಾರು ಅಲ್ಲಿ ಇರುವ ಸ್ಥಾನಮಾನದಿಂದ. ಪ್ರವಾಸಿಯಾಗಿ ಬಂದವರು 12 ತಿಂಗಳಲ್ಲಿ ಒಟ್ಟು ಆರು ತಿಂಗಳವರೆಗೆ ತಮ್ಮ ದೇಶದ ನಂಬರ್ ಪ್ಲೇಟಿನಲ್ಲೇ ಅಲ್ಲಿ ಓಡಾಡಬಹುದು. ಆದರೆ ಈ ವಿನಾಯಿತಿಯಲ್ಲಿರುವ ಕಾರನ್ನು ಮಾರುವಂತಿಲ್ಲ, ಅಲ್ಲಿನ ನಿವಾಸಿಗೆ ಬಳಸಲು ಕೊಡುವಂತೆಯೂ ಇಲ್ಲ. ಮಾರಬೇಕೆಂದರೆ ಮೊದಲು ವಿಧಿವತ್ತಾಗಿ ಆಮದು ಮಾಡಿಕೊಳ್ಳಬೇಕು.

ಲೆಕ್ಕಕ್ಕಾಗಿ ಕಾರಿನ ಮೌಲ್ಯ 10,000 ಪೌಂಡ್ ಎಂದಿಟ್ಟುಕೊಳ್ಳೋಣ. ಸಾಮಾನ್ಯ ದರದಂತೆ ಶೇ 10 ಆಮದು ಸುಂಕ, ಅಂದರೆ 1,000 ಪೌಂಡ್. ಸುಂಕವೂ ಸೇರಿದ 11,000ದ ಮೇಲೆ ಶೇ 20 ವ್ಯಾಟ್, ಅಂದರೆ 2,200. ಒಟ್ಟು 3,200 ಪೌಂಡ್ ಸರ್ಕಾರಕ್ಕೆ ಹೋಯಿತು. ಒಂದು ಪೌಂಡಿಗೆ 115 ರೂಪಾಯಿಯಂತೆ ಹಿಡಿದರೆ 3.68 ಲಕ್ಷ ರೂಪಾಯಿ. ಇದು ಕಾರಿಗೆ ಗಿರಾಕಿ ಸಿಗುವ ಮುಂಚೆ ನಿಮ್ಮ ಕೈಯಿಂದ ಹೋಗಬೇಕಾದ ಹಣ. ಕಾಯಂ ಆಗಿ ಇರಿಸಿಕೊಳ್ಳಲು ತಂದ ವಾಹನದ ವಿವರವನ್ನು ನೋವಾ ಎಂಬ ವ್ಯವಸ್ಥೆಯ ಮೂಲಕ ಅಲ್ಲಿನ ತೆರಿಗೆ ಇಲಾಖೆಗೆ 14 ದಿನಗಳೊಳಗೆ ತಿಳಿಸಬೇಕು. ಆ ದಾಖಲೆ ಇಲ್ಲದೆ ಡಿವಿಎಲ್‌ಎ ಎಂಬ ಅಲ್ಲಿನ ವಾಹನ ನೋಂದಣಿ ಸಂಸ್ಥೆ ನೋಂದಣಿ ಕೊಡುವುದಿಲ್ಲ. ಮಧ್ಯದಲ್ಲಿ ಮನಸ್ಸು ಬದಲಾಯಿಸಿದವರು ಕಸ್ಟಮ್ಸ್ ಏಜೆಂಟನ ಮೂಲಕ ಕಾರಿನ ಸ್ಥಾನಮಾನ ಬದಲಿಸಿಕೊಂಡೇ ಮುಂದುವರಿಯಬೇಕು.

ಆಮೇಲೆ ಬರುವುದು ಐವಿಎ ಪರೀಕ್ಷೆ, ಅಂದರೆ ಒಂದೊಂದೇ ವಾಹನವನ್ನು ಬಿಡಿಬಿಡಿಯಾಗಿ ತಪಾಸಿಸಿ ಅಂಗೀಕರಿಸುವ ಕ್ರಮ. ಸಾಮಾನ್ಯ ಕಾರಿಗೆ ಇದರ ಶುಲ್ಕ 199 ಪೌಂಡ್, ನೋಂದಣಿ ಶುಲ್ಕ 55. ಶುಲ್ಕ ದೊಡ್ಡದೇನಲ್ಲ, ಕಾರನ್ನು ಆ ಪರೀಕ್ಷೆಗೆ ಸಿದ್ಧಗೊಳಿಸುವ ಖರ್ಚೇ ದೊಡ್ಡದು. ನಮ್ಮ ಕಾರಿನ ಸ್ಪೀಡೊಮೀಟರು ಕಿಲೋಮೀಟರಿನಲ್ಲಿರುತ್ತದೆ, ಅಲ್ಲಿ ಮೈಲಿಯಲ್ಲಿ ತೋರಿಸಬೇಕು. ಹಿಂಬದಿಯ ಮಂಜಿನ ದೀಪ ನಮ್ಮ ಅನೇಕ ಮಾದರಿಗಳಲ್ಲಿ ಇರುವುದೇ ಇಲ್ಲ, ಅಲ್ಲಿ ಕಡ್ಡಾಯ. ಗಾಜು ಮತ್ತು ದೀಪಗಳ ಮೇಲೆ ವೃತ್ತದೊಳಗೆ 'ಇ' ಅಕ್ಷರವಿರುವ ಅಂಗೀಕಾರದ ಗುರುತು ಹುಡುಕುತ್ತಾರೆ. ನಮ್ಮ ಕಾರಿನ ಗಾಜಿನ ಮೂಲೆಯಲ್ಲಿ ಐಎಸ್‌ಐ ಗುರುತು ಕಾಣುತ್ತದೆ. ಕೊನೆಗೆ ಹೊಗೆಯ ಪ್ರಮಾಣಕ್ಕೆ ಅವರು ಒಪ್ಪುವಂತಹ ಪುರಾವೆ ಬೇಕು. ತಯಾರಕರ ಯುರೋಪ್ ವಿಭಾಗ ಅದೇ ಮಾದರಿಯನ್ನು ಅಲ್ಲಿ ಮಾರುತ್ತಿದ್ದರೆ ಪತ್ರ ಸಿಗುವ ಸಾಧ್ಯತೆಯುಂಟು. ಫಾರ್ಚೂನರ್, ಎಂಡೆವರ್, ಸ್ಕಾರ್ಪಿಯೊ-ಎನ್‌ನಂತಹ, ನಮ್ಮವರು ಹೆಚ್ಚಾಗಿ ಈ ದಾರಿಗೆ ಆರಿಸಿಕೊಳ್ಳುವ ಕಾರುಗಳು ಬ್ರಿಟನ್ನಿನ ಶೋರೂಮುಗಳಲ್ಲಿ ಇಲ್ಲ. ಹಾಗಾಗಿ ಪತ್ರಕ್ಕೂ ಕಷ್ಟ, ಮುಂದೆ ಬಿಡಿಭಾಗಕ್ಕೂ ಕಷ್ಟ, ವಿಮೆಗೂ ಕಷ್ಟ. ಗಿರಾಕಿ ಈ ಮೂರನ್ನೂ ಬೆಲೆಯಲ್ಲಿ ಕಳೆಯುತ್ತಾನೆ. ಇಲ್ಲಿ ರೆನೊ ಹೆಸರಿನಲ್ಲಿ ಮಾರಾಟವಾದ ಡಸ್ಟರ್ ಅಲ್ಲಿ ಡೇಸಿಯಾ ಹೆಸರಿನಲ್ಲಿ ಪರಿಚಿತ. ಅದರ ಬಿಡಿಭಾಗ ಸಿಗುತ್ತದೆ, ಆದರೆ ಅಲ್ಲಿ ಅದು ಅಗ್ಗದ ಕಾರೆಂದೇ ಹೆಸರಾದದ್ದು, ಆದ್ದರಿಂದ ಕೈಗೆ ಬರುವ ಮೊತ್ತವೂ ಚಿಕ್ಕದು.

ಇಷ್ಟೆಲ್ಲ ಹೇಳಿದ ಮೇಲೆ ಅಪವಾದಗಳಿಗೆ ಬರುತ್ತೇನೆ, ಏಕೆಂದರೆ ನಿಜವಾದ ಅವಕಾಶ ಇರುವುದು ಅಲ್ಲಿಯೇ. ಕಾರು ಹತ್ತು ವರ್ಷಕ್ಕಿಂತ ಹಳೆಯದಾಗಿದ್ದು, ದೊಡ್ಡ ಮಾರ್ಪಾಡು ಆಗಿರದಿದ್ದರೆ ಐವಿಎ ಬೇಡ. ಎಂಒಟಿ ಎಂಬ ವಾರ್ಷಿಕ ತಪಾಸಣೆ ಮುಗಿಸಿ ನೋಂದಣಿಗೆ ಹೋಗಬಹುದು. ಇಲ್ಲಿ ಬೆಲೆ ಇಳಿದುಹೋಗಿರುವ ಹಳೆಯ ಸ್ಕಾರ್ಪಿಯೊ ಅಥವಾ ಜಿಪ್ಸಿಗೆ ಸುಂಕವೂ ಅದರ ಮೌಲ್ಯಕ್ಕೆ ತಕ್ಕಂತೆ ಕಡಿಮೆಯೇ. ಇನ್ನೂ ಮುಂದೆ ಹೋದರೆ, 30 ವರ್ಷ ದಾಟಿದ, ಮೂಲ ಸ್ಥಿತಿಯಲ್ಲಿರುವ, ತಯಾರಿಕೆ ನಿಂತುಹೋದ ಮಾದರಿಯನ್ನು ಸಂಗ್ರಹಯೋಗ್ಯ ವಸ್ತುವೆಂದು ಒಪ್ಪಿಸಬಹುದಾದರೆ ಆಮದು ಸುಂಕವೇ ಇಲ್ಲ, ವ್ಯಾಟ್ ಶೇ 5 ಮಾತ್ರ. ಅಂಬಾಸಡರ್ ಈ ವರ್ಗಕ್ಕೆ ಹೇಳಿ ಮಾಡಿಸಿದ ಕಾರು. ಅದರ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ತಯಾರಿಕೆ ನಿಂತದ್ದು 2014ರಲ್ಲಿ. ಬೆಂಗಳೂರಿನಿಂದ ಓಡಿಕೊಂಡೇ ಬಂತು ಎಂಬ ಕಥೆಗೆ ಬೆಲೆ ಕೊಡುವ ಹವ್ಯಾಸಿಗಳು ಅಲ್ಲಿದ್ದಾರೆ. ಹೊಸ ಎಸ್‌ಯುವಿಯ ವಿಷಯದಲ್ಲಿ ಅದೇ ಕಥೆಗೆ ಯಾರೂ ಒಂದು ಪೌಂಡ್ ಹೆಚ್ಚು ಕೊಡುವುದಿಲ್ಲ. ದೂರ ಓಡಿದ ಕಾರು ಎಂದು ಕಡಿಮೆಯೇ ಕೇಳುತ್ತಾರೆ. ಹಳೆಯ ಡೀಸೆಲ್ ಕಾರಾದರೆ ಲಂಡನ್ನಿನ ಯುಲೆಜ್ ಎಂಬ ಕಡಿಮೆ ಹೊಗೆಯ ವಲಯದಲ್ಲಿ ದಿನಕ್ಕೆ 12.50 ಪೌಂಡ್ ತೆರಬೇಕಾಗುತ್ತದೆ. ಆದ್ದರಿಂದ ಗಿರಾಕಿಯನ್ನು ಲಂಡನ್ನಿನ ಹೊರಗೆ ಹುಡುಕುವುದು ಒಳ್ಳೆಯದು.

ಇನ್ನೊಂದು ಅಪವಾದ ಉದ್ಯೋಗಕ್ಕಾಗಿಯೇ ಬ್ರಿಟನ್ನಿಗೆ ಹೋಗಿ ನೆಲೆಸುವವರದು. ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಹೊರಗೆ ವಾಸವಾಗಿದ್ದು, ಕನಿಷ್ಠ ಆರು ತಿಂಗಳು ತಾವೇ ಬಳಸಿದ ಕಾರನ್ನು ಜೊತೆಗೆ ತರುವವರಿಗೆ ವಾಸಸ್ಥಳ ಬದಲಾವಣೆಯ ವಿನಾಯಿತಿಯಲ್ಲಿ ಸುಂಕ, ವ್ಯಾಟ್ ಎರಡೂ ಇಲ್ಲ. ಅರ್ಜಿಯನ್ನು ಮುಂಚಿತವಾಗಿ ಹಾಕಬೇಕು, ಕಾರನ್ನು ಹನ್ನೆರಡು ತಿಂಗಳು ಮಾರಬಾರದು. ಅಷ್ಟು ಕಾಯುವ ಉದ್ದೇಶವೇ ಇರುವವರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಮಾರುವ ದಿನದ ಕೆಲವು ಸಣ್ಣ ವಿಷಯಗಳನ್ನು ಇಲ್ಲೇ ಸೇರಿಸುತ್ತೇನೆ. ಗಿರಾಕಿ ಕಾರನ್ನು ಓಡಿಸಿ ನೋಡಬೇಕೆಂದರೆ ಅವನಿಗೆ ಅನ್ವಯಿಸುವ ವಿಮೆ ಇರಬೇಕು. ನೀವು ಗಡಿಯಲ್ಲಿ ಕೊಂಡ ವಿಮೆ ನಿಮ್ಮ ಹೆಸರಿಗೆ ಸೀಮಿತವಾಗಿರಬಹುದು. ಅವನು ಹಣ ಕೊಡುವುದು ಬ್ಯಾಂಕ್ ವರ್ಗಾವಣೆಯಿಂದ, ನಿಮಗೆ ಅಲ್ಲಿ ಖಾತೆ ಇರುವುದಿಲ್ಲ. ಬಂಧುಗಳ ಖಾತೆಗೆ ಹಾಕಿಸಿದರೆ ಅದರ ಲೆಕ್ಕ ಹೇಳಬೇಕಾದವರು ಅವರು. ಚಾವಣಿಯ ಟೆಂಟು, ಚಿಕ್ಕ ಫ್ರಿಜ್, ಹೆಚ್ಚುವರಿ ಬ್ಯಾಟರಿ, ವಿಂಚ್ ಇವುಗಳನ್ನು ಕಾರಿನೊಡನೆ ಸೇರಿಸಿ ಕೊಡಬೇಡಿ. ಅವನ್ನು ಬಿಚ್ಚಿ ಬೇರೆಬೇರೆಯಾಗಿ ಮಾರಿದರೆ ಹೆಚ್ಚು ಹಣ ಬರುತ್ತದೆ, ತಪಾಸಣೆಗೆ ಹೋಗುವ ಕಾರೂ ಸರಳವಾಗುತ್ತದೆ. ಅವೂ ಕಾರಿನ ಜೊತೆ ತಾತ್ಕಾಲಿಕವಾಗಿ ಬಂದ ಸಾಮಾನೇ ಆದ್ದರಿಂದ ಆಮದಿನ ಪಟ್ಟಿಯಲ್ಲಿ ಅವನ್ನೂ ಸೇರಿಸಿ.

ಐರ್ಲೆಂಡ್, ಯುರೋಪಿನ ಒಳನಾಡು, ಆಫ್ರಿಕಾ

2021ರ ಆರಂಭದಿಂದ ಬ್ರಿಟನ್ ಮತ್ತು ಯುರೋಪ್ ಒಕ್ಕೂಟ ಎರಡು ಬೇರೆ ಸುಂಕ ಪ್ರದೇಶಗಳು. ಇದರಿಂದ ಪ್ರವಾಸಿಗೆ ಒಂದು ಅನುಕೂಲವಾಗಿದೆ: ಒಕ್ಕೂಟದೊಳಗೆ ಕಾರಿಗೆ ಆರು ತಿಂಗಳು, ಬ್ರಿಟನ್ನಿನಲ್ಲಿ ಮತ್ತೆ ಆರು ತಿಂಗಳು ಸಿಗುತ್ತದೆ. ಮಾರಾಟಕ್ಕೆ ಮಾತ್ರ ಇದರಿಂದ ತೊಂದರೆಯೇ, ಏಕೆಂದರೆ ಒಂದು ಕಡೆ ಕಟ್ಟಿದ ಸುಂಕ ಇನ್ನೊಂದು ಕಡೆ ಲೆಕ್ಕಕ್ಕೆ ಬರುವುದಿಲ್ಲ.

ಒಕ್ಕೂಟದಲ್ಲಿ ಎಡಬದಿಯಲ್ಲಿ ಸಂಚರಿಸುವ ದೇಶಗಳು ಐರ್ಲೆಂಡ್, ಮಾಲ್ಟಾ, ಸೈಪ್ರಸ್. ಐರ್ಲೆಂಡಿನಲ್ಲಿ ಶೇ 10 ಸುಂಕ, ಶೇ 23 ವ್ಯಾಟ್ ಆದ ಮೇಲೆ ವಿಆರ್‌ಟಿ ಎಂಬ ನೋಂದಣಿ ತೆರಿಗೆ ಇದೆ. ಅದು ಇಂಗಾಲದ ಹೊಗೆಯ ಪ್ರಮಾಣಕ್ಕೆ ತಕ್ಕಂತೆ ಶೇ 7ರಿಂದ ಶೇ 41ರವರೆಗೆ ಏರುತ್ತದೆ. ದೊಡ್ಡ ಡೀಸೆಲ್ ಎಸ್‌ಯುವಿ ಈ ಏಣಿಯ ಮೇಲಿನ ಮೆಟ್ಟಿಲುಗಳಲ್ಲೇ ನಿಲ್ಲುತ್ತದೆ. ಐರ್ಲೆಂಡಿನ ಯೋಚನೆಯನ್ನು ನಾನಂತೂ ಅಲ್ಲಿಗೇ ಬಿಡುತ್ತೇನೆ. ಮಾಲ್ಟಾ, ಸೈಪ್ರಸ್ ಎರಡೂ ದ್ವೀಪಗಳಾದ್ದರಿಂದ ಸಾಗಿಸುವ ಖರ್ಚು ಬೇರೆ, ಮಾರುಕಟ್ಟೆಯೂ ಸಣ್ಣದು.

ಜರ್ಮನಿ, ಫ್ರಾನ್ಸ್, ಪೋಲೆಂಡ್‌ಗಳಲ್ಲಿ ಬಲಬದಿಯ ಸ್ಟಿಯರಿಂಗ್ ಇರುವ ಕಾರನ್ನು ನೋಂದಾಯಿಸಲು ಕಾನೂನಿನ ಅಡ್ಡಿಯಿಲ್ಲ. ಪೋಲೆಂಡ್ ಮತ್ತು ಲಿಥುವೇನಿಯಾ ಸ್ಟಿಯರಿಂಗನ್ನು ಎಡಕ್ಕೆ ಬದಲಿಸಲೇಬೇಕೆಂದು ಹಟ ಹಿಡಿದಿದ್ದವು. 2014ರಲ್ಲಿ ಯುರೋಪ್ ಒಕ್ಕೂಟದ ನ್ಯಾಯಾಲಯ ಅದನ್ನು ತಪ್ಪೆಂದು ತೀರ್ಪಿತ್ತಿತು. ಕಾನೂನು ಬಿಟ್ಟರೂ ಗಿರಾಕಿ ಬಿಡಬೇಕಲ್ಲ? ಹೆದ್ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕುವಾಗ ಮುಂದಿನ ರಸ್ತೆ ಕಾಣದ, ಟೋಲ್ ಕಿಟಕಿಗೆ ಕೈ ಎಟುಕದ ಕಾರನ್ನು ಅವನು ಬಹಳ ಅಗ್ಗಕ್ಕೆ ಸಿಕ್ಕರೆ ಮಾತ್ರ ಕೊಳ್ಳುತ್ತಾನೆ. ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಬೀಳದಂತೆ ದೀಪಗಳನ್ನೇ ಬದಲಿಸಬೇಕು. ಜರ್ಮನಿಯಲ್ಲಾದರೆ ಟ್ಯೂಫ್‌ನಂತಹ ಸಂಸ್ಥೆಯಿಂದ ಬಿಡಿ ವಾಹನದ ಪೂರ್ಣ ತಪಾಸಣೆ ಮಾಡಿಸಬೇಕು. ಬರುವ ದಾರಿಯಲ್ಲಿ ಸಿಗುವ ಜಾರ್ಜಿಯಾದ ರುಸ್ತಾವಿಯ ಹಳೆಯ ಕಾರುಗಳ ಸಂತೆ ಹೆಸರುವಾಸಿಯಾದದ್ದಾದರೂ, ಬಲಬದಿಯ ಸ್ಟಿಯರಿಂಗಿಗೆ ಅಲ್ಲಿಯೂ ಒಲವಿಲ್ಲ.

ಬಲಬದಿ ಸ್ಟಿಯರಿಂಗಿನ ಹಳೆಯ ಕಾರುಗಳಿಗೆ ನಿಜವಾಗಿ ಹಸಿದಿರುವ ಮಾರುಕಟ್ಟೆಯೆಂದರೆ ಪೂರ್ವ ಆಫ್ರಿಕಾ. ಕೆನ್ಯಾದಲ್ಲಿ ಎಡಬದಿ ಸ್ಟಿಯರಿಂಗಿನ ಸಾಮಾನ್ಯ ಕಾರುಗಳಿಗೆ ನೋಂದಣಿಯೇ ಇಲ್ಲ, ಎಂಟು ವರ್ಷಕ್ಕಿಂತ ಹಳೆಯ ಕಾರನ್ನು ತರುವಂತಿಲ್ಲ, ಹಡಗು ಹತ್ತುವ ಮೊದಲೇ ತಪಾಸಣೆಯ ಪತ್ರ ಬೇಕು, ಸುಂಕಗಳು ಒಂದರ ಮೇಲೊಂದು ಕೂಡುತ್ತವೆ. ಇದು ತಿಂಗಳಿಗೆ ನೂರು ಕಾರು ಕಳಿಸುವ ವ್ಯಾಪಾರಿಯ ಲೆಕ್ಕ. ಒಂದೇ ಕಾರನ್ನು ಹಿಡಿದುಕೊಂಡು ಮೊಂಬಾಸಾ ಬಂದರಿನಲ್ಲಿ ನಿಲ್ಲುವ ಪ್ರವಾಸಿಯದಲ್ಲ. ದಕ್ಷಿಣ ಆಫ್ರಿಕಾದಲ್ಲಿ ಮಹೀಂದ್ರಾ ಕಾರುಗಳಿಗೆ ಒಳ್ಳೆಯ ಹೆಸರಿದ್ದರೂ, ಬಳಸಿದ ಕಾರಿನ ಆಮದಿಗೆ ಆ ದೇಶ ಸಾಮಾನ್ಯರಿಗೆ ಪರವಾನಗಿ ಕೊಡುವುದಿಲ್ಲ. ದುಬೈನಲ್ಲಿ ಸುಂಕ ಶೇ 5 ಮಾತ್ರ ಎಂದು ಆಸೆಪಡುವವರಿದ್ದಾರೆ. ಅಲ್ಲಿ ಬಲಬದಿ ಸ್ಟಿಯರಿಂಗಿನ ಸಾಮಾನ್ಯ ಕಾರಿಗೆ ನೋಂದಣಿ ಇಲ್ಲ.

ಮನೆಗೆ ತರುವುದು

ಹಡಗಿನಲ್ಲಿ ಎರಡು ರೀತಿ. ರೋರೋ ಹಡಗಿಗೆ ಕಾರನ್ನು ಓಡಿಸಿಯೇ ಹತ್ತಿಸುತ್ತಾರೆ. ಸಾಮಾನ್ಯವಾಗಿ ಅಗ್ಗ, ಆದರೆ ಕೀಲಿಕೈ ಬೇರೆಯವರ ಕೈಗೆ ಹೋಗುತ್ತದೆ, ಒಳಗೆ ಸಾಮಾನು ಇಡುವಂತಿಲ್ಲ, ಇಟ್ಟರೆ ಉಳಿಯುತ್ತದೆಂಬ ನಂಬಿಕೆಯೂ ಇಲ್ಲ. ಕಂಟೇನರಿನಲ್ಲಿ ಬೀಗ ನಿಮ್ಮದು. ಇಪ್ಪತ್ತು ಅಡಿಯದರಲ್ಲಿ ಒಂದು ಕಾರು ಹಿಡಿಯುತ್ತದೆ. ನಲವತ್ತು ಅಡಿಯದರಲ್ಲಿ ಎರಡು ಹಿಡಿಯುವುದರಿಂದ, ಅದೇ ಸಮಯಕ್ಕೆ ಲಂಡನ್ ತಲುಪಿದ ಇನ್ನೊಂದು ಭಾರತೀಯ ಕುಟುಂಬ ಸಿಕ್ಕರೆ ಬಾಡಿಗೆ ಹಂಚಿಕೊಳ್ಳಬಹುದು. ಎತ್ತರದ ಕಾರಾದರೆ ಚಾವಣಿಯ ಕ್ಯಾರಿಯರ್ ಬಿಚ್ಚಿಸಿ ಎತ್ತರ ಅಳೆಸಿಕೊಳ್ಳಿ.

ಏಜೆಂಟರು ಮೊದಲು ಹೇಳುವ ದರ ಸಾಮಾನ್ಯವಾಗಿ ಸಮುದ್ರದ ಬಾಡಿಗೆ ಮಾತ್ರ. ಈ ಬದಿಯ ಬಂದರಿನ ನಿರ್ವಹಣೆ, ಹಡಗು ಕಂಪನಿಯ ಡೆಲಿವರಿ ಆರ್ಡರ್ ಶುಲ್ಕ, ಸಿಎಚ್‌ಎ ಅಂದರೆ ಕಸ್ಟಮ್ಸ್ ಏಜೆಂಟನ ಸಂಭಾವನೆ, ಕಂಟೇನರ್ ತಡವಾಗಿ ಮರಳಿಸಿದರೆ ದಿನಲೆಕ್ಕದ ಡಿಟೆನ್ಷನ್, ಬಂದರಿನಲ್ಲಿ ಬಿದ್ದಿದ್ದಕ್ಕೆ ಡೆಮರೇಜ್ ಇವೆಲ್ಲ ಆಮೇಲೆ ಒಂದೊಂದಾಗಿ ಬರುತ್ತವೆ. ಆದ್ದರಿಂದ ಗೇಟಿನಿಂದ ಕಾರು ಹೊರಬರುವವರೆಗಿನ ಪೂರ್ತಿ ಮೊತ್ತವನ್ನು ಬರಹದಲ್ಲಿ ಕೇಳಿ, ಮೂರು ಕಡೆ ಹೋಲಿಸಿ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದ ಮೇಲೆ ಅನೇಕ ಹಡಗುಗಳು ಸೂಯೆಜ್ ಬಿಟ್ಟು ಗುಡ್‌ಹೋಪ್ ಭೂಶಿರವನ್ನು ಸುತ್ತಿಕೊಂಡು ಓಡಾಡತೊಡಗಿದವು. ಆ ದಾರಿಯಾದರೆ ಹತ್ತು ಹದಿನೈದು ದಿನ ಹೆಚ್ಚು ಹಿಡಿಯುತ್ತದೆ. ನಿಮ್ಮ ಹಡಗು ಯಾವ ದಾರಿ ಹಿಡಿಯುತ್ತದೆ, ಕಾರ್ನೆಟ್ ಮುಗಿಯುವ ದಿನದೊಳಗೆ ತಲುಪುತ್ತದೆಯೇ ಎಂಬುದನ್ನು ಕೇಳಿಯೇ ಬುಕ್ ಮಾಡಬೇಕು.

ಮುಂಬೈ ಬಳಿಯ ನ್ಹವಾ ಶೇವಾ ಬಂದರಿನಲ್ಲೋ ಚೆನ್ನೈಯಲ್ಲೋ ಕಂಟೇನರ್ ಬಾಗಿಲು ತೆರೆದಾಗ ಅಧಿಕಾರಿ ಮೊದಲು ನೋಡುವುದು ಚಾಸಿಸ್ ನಂಬರ್ ಮತ್ತು ಎಂಜಿನ್ ನಂಬರ್. ಕಾರ್ನೆಟ್‌ನಲ್ಲಿ ಬರೆದಿರುವುದರೊಂದಿಗೆ ಅಕ್ಷರ ಅಕ್ಷರವೂ ಕೂಡಬೇಕು. ದಾರಿಯಲ್ಲಿ ಎಂಜಿನ್ ಬದಲಿಸಿದ್ದರೆ ಅದರ ಕಾಗದ ಕೈಯಲ್ಲಿರಲಿ. ಮಣ್ಣು ಮೆತ್ತಿಕೊಂಡ ನಂಬರನ್ನು ಸಾಗಿಸುವ ಮುಂಚೆಯೇ ಉಜ್ಜಿ ತೊಳೆದು ಫೋಟೊ ತೆಗೆದಿಟ್ಟುಕೊಂಡರೆ ಬಂದರಿನಲ್ಲಿ ಒಂದು ದಿನ ಉಳಿಯುತ್ತದೆ. ಕಾರ್ನೆಟ್ ಸರಿಯಿದ್ದರೆ ಸುಂಕವಿಲ್ಲದೆ ಕಾರು ಹೊರಬರುತ್ತದೆ. ಅದರ ಅವಧಿ ಮುಗಿದಿದ್ದರೆ, ಹಿಂದೆ ಭಾರತದಿಂದಲೇ ಹೋದ ವಸ್ತು ಇದು ಎಂದು 1962ರ ಕಸ್ಟಮ್ಸ್ ಕಾಯ್ದೆಯ 20ನೇ ಸೆಕ್ಷನ್ನಿನಡಿ ರುಜುವಾತು ಮಾಡುತ್ತಾ ಕೂರಬೇಕಾಗುತ್ತದೆ.

ಓಡಿಸಿಕೊಂಡೇ ಬರುವವರು ಚೀನಾದೊಳಗಿನ ಏಜೆನ್ಸಿ, ಗೈಡ್, ತಾತ್ಕಾಲಿಕ ನಂಬರ್ ಪ್ಲೇಟುಗಳ ಖರ್ಚನ್ನು ಎರಡನೇ ಸಲ ಹೊರಬೇಕು. ಟಿಬೆಟ್ ಸಾಮಾನ್ಯವಾಗಿ ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ವಿದೇಶಿಯರಿಗೆ ಮುಚ್ಚಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಳಿತಾಯಕ್ಕಾಗಿ ಆರಿಸಿಕೊಳ್ಳುವ ದಾರಿ ಇದಲ್ಲ. ಸಮಯವಿದ್ದು, ಇನ್ನೊಂದು ಸಲ ನೋಡುವ ಆಸೆಯೂ ಇರುವವರು ಆರಿಸಿಕೊಳ್ಳಬಹುದು.

ಇವೆರಡರ ನಡುವೆ ಒಂದು ಮಧ್ಯಮಾರ್ಗವನ್ನು ಹಲವರು ಕೇಳುತ್ತಾರೆ: ಭಾರತದಿಂದ ಇನ್ನೊಬ್ಬರು ವಿಮಾನದಲ್ಲಿ ಬಂದು, ಕಾರನ್ನು ಕೊಂಡು, ಅವರೇ ಓಡಿಸಿಕೊಂಡು ಹೋದರೆ? ಕಾರಿನ ಯೋಗ್ಯ ಬೆಲೆ ಕೊಡಬಲ್ಲ ಗಿರಾಕಿ ಎಂದರೆ ಇನ್ನೊಬ್ಬ ಭಾರತೀಯನೇ ಆದ್ದರಿಂದ ಯೋಚನೆ ಚೆನ್ನಾಗಿದೆ. ಆದರೆ ಕಾರ್ನೆಟ್ ನಿಮ್ಮ ಹೆಸರಿನಲ್ಲಿದೆ, ಅದನ್ನು ವರ್ಗಾಯಿಸಲಾಗದು. ಓಡಿಸಲು ಅಧಿಕಾರಪತ್ರ ಕೊಟ್ಟು, ಕಾರು ಭಾರತಕ್ಕೆ ಮರಳಿದ ಮೇಲೆ ಆರ್‌ಟಿಒದಲ್ಲಿ ಹೆಸರು ಬದಲಿಸುವುದೆಂದು ಕರಾರು ಮಾಡಿಕೊಳ್ಳಬಹುದು. ಆ ತಿಂಗಳುಗಳಲ್ಲಿ ಅವರು ಎಲ್ಲಿ ಎಡವಿದರೂ ಹೋಗುವುದು ನಿಮ್ಮ ಬ್ಯಾಂಕ್ ಗ್ಯಾರಂಟಿ. ಒಡಹುಟ್ಟಿದವರಿಗೋ ಬಹುಕಾಲದ ಸ್ನೇಹಿತರಿಗೋ ಕೊಡಬಹುದು. ಫೋನಿನಲ್ಲಿ ಪರಿಚಯವಾದವರಿಗೆ ಬೇಡ.

ಬ್ರಿಟನ್ ನಂಬರಿನ ಕಾರು ಕರ್ನಾಟಕಕ್ಕೆ ಬಂದರೆ

ಇಲ್ಲಿ ಆಯ್ಕೆ ಕಡಿಮೆ, ಆದ್ದರಿಂದ ನಿರ್ಧಾರ ಸುಲಭ. ವಿದೇಶಿ ನೋಂದಣಿಯ ಖಾಸಗಿ ಕಾರು ಕಾರ್ನೆಟ್ ಮೇಲೆ ಭಾರತದಲ್ಲಿ ಆರು ತಿಂಗಳು ಇರಬಹುದು. ಅದರ ಓಡಾಟಕ್ಕೆ 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಪ್ರತ್ಯೇಕ ನಿಯಮಗಳನ್ನೇ ಮಾಡಿದೆ. ಮಾರಬೇಕೆಂದರೆ ಅದು ಬಳಸಿದ ಕಾರಿನ ಆಮದಾಗುತ್ತದೆ. ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಬಲಬದಿ ಸ್ಟಿಯರಿಂಗ್ ಇರಬೇಕು, ಮುಂಬೈ ಬಂದರಿನ ಮೂಲಕವೇ ಬರಬೇಕು. ಇವೆಲ್ಲ ಕೂಡಿಬಂದರೂ ಸುಂಕ ಮತ್ತು ತೆರಿಗೆಗಳ ಮೊತ್ತ ಕಾರಿನ ಬೆಲೆಯನ್ನೇ ದಾಟುತ್ತದೆ. ಹಳೆಯ ಕಾರೊಂದನ್ನು ಅಗ್ಗಕ್ಕೆ ಕೊಂಡು, ಊರಿನವರೆಗೆ ಓಡಿಸಿ, ಇಲ್ಲೇ ಗುಜರಿಗೆ ಹಾಕಿ ವಿಮಾನದಲ್ಲಿ ಮರಳುವ ಯೋಜನೆ ಕಾಗದದ ಮೇಲೆ ಚೆಂದ. ಕಸ್ಟಮ್ಸ್ ಒಪ್ಪಿಗೆ ಮತ್ತು ಮೇಲ್ವಿಚಾರಣೆ ಇಲ್ಲದೆ ಕಾರನ್ನು ಮುರಿಸುವಂತೆಯೂ ಇಲ್ಲ, ಬಿಟ್ಟು ಹೋಗುವಂತೆಯೂ ಇಲ್ಲ. ಹಡಗಿನಲ್ಲಿ ಮರಳಿ ಕಳಿಸಿ ಬ್ರಿಟನ್ನಿನಲ್ಲೇ ಮಾರುವುದು ಇವರಿಗೆ ಉಳಿಯುವ ದಾರಿ. ಮೂರು ವರ್ಷದೊಳಗೆ ಮರಳಿದ ಕಾರಿಗೆ ಅಲ್ಲಿ ಮತ್ತೆ ಸುಂಕ ಬೀಳುವುದಿಲ್ಲ.

ಯಾರಿಗೆ ಯಾವುದು

ಐದು ವರ್ಷದೊಳಗಿನ, 20 ಲಕ್ಷಕ್ಕಿಂತ ಹೆಚ್ಚು ಬೆಲೆಯ ಎಸ್‌ಯುವಿ ಇರುವವರು ಹಡಗಿನ ಪೂರ್ತಿ ಖರ್ಚನ್ನು ಬಜೆಟಿನಲ್ಲಿ ಮೊದಲೇ ಸೇರಿಸಿಕೊಂಡು ಹೊರಡಲಿ. ಬಜೆಟ್ ಬಿಗಿಯಿರುವವರು ಹತ್ತು ವರ್ಷ ದಾಟಿದ, ಗಟ್ಟಿಮುಟ್ಟಾದ ಕಾರನ್ನು ಆರಿಸಿಕೊಂಡರೆ ಅಲ್ಲಿ ಮಾರುವ ದಾರಿ ತೆರೆದೇ ಇರುತ್ತದೆ. ಬಂದ ಬೆಲೆಗೆ ಕೊಟ್ಟರೂ ನಷ್ಟಕ್ಕೆ ಒಂದು ಮಿತಿ ಇರುತ್ತದೆ. ಹಳೆಯ ಅಂಬಾಸಡರಿನ ಒಡೆಯರು ಹೊರಡುವ ಮುಂಚೆಯೇ ಬ್ರಿಟನ್ನಿನ ಹವ್ಯಾಸಿಗಳೊಡನೆ ಪತ್ರ ವ್ಯವಹಾರ ಶುರುಮಾಡಲಿ. ರಜೆ ಮುಗಿದು ನೌಕರಿಗೆ ಮರಳಲೇಬೇಕಾದವರು ಮಾರಾಟಕ್ಕೆ ಕೈ ಹಾಕದಿರುವುದೇ ಮೇಲು, ಏಕೆಂದರೆ ಐವಿಎ ಪರೀಕ್ಷೆಯ ದಿನಾಂಕ, ನೋಂದಣಿ, ಗಿರಾಕಿ ಈ ಮೂರಕ್ಕೂ ಕಾಯುತ್ತಾ ಲಂಡನ್ನಿನಲ್ಲಿ ಒಂದೆರಡು ತಿಂಗಳು ಉಳಿಯುವ ಖರ್ಚು ಕಂಟೇನರಿನ ಬಾಡಿಗೆಯನ್ನು ಮೀರಿಸಬಹುದು.

ಅಲ್ಲಿ ಮಾರಿದವರಿಗೆ ಊರಿಗೆ ಬಂದ ಮೇಲೂ ಕೆಲಸ ಉಳಿದಿರುತ್ತದೆ. ಸುಂಕ ಕಟ್ಟಿದ ಆಮದು ಪತ್ರದ ಮೂಲ ಪ್ರತಿಯನ್ನು ಕಾರ್ನೆಟ್ ಕೊಟ್ಟ ಸಂಸ್ಥೆಗೆ ಒಪ್ಪಿಸಿ ಬ್ಯಾಂಕ್ ಗ್ಯಾರಂಟಿ ಬಿಡಿಸಿಕೊಳ್ಳಬೇಕು. ಮಾರಿದ ಹಣವನ್ನು ಬ್ಯಾಂಕಿನ ಮಾರ್ಗದಲ್ಲೇ ಭಾರತಕ್ಕೆ ತರಿಸಬೇಕು. ಆಮೇಲೆ ಅದೇ ಆಮದು ಪತ್ರದ ನಕಲು, ಆರ್‌ಸಿ ಹಾಗೂ ಮಾರಾಟದ ರಸೀದಿಯೊಂದಿಗೆ ನಿಮ್ಮ ಆರ್‌ಟಿಒಗೆ ಹೋಗಿ, ಕಾರು ಭಾರತದಿಂದ ಕಾಯಂ ಆಗಿ ಹೊರಗೆ ಹೋಗಿದೆ ಎಂಬ ಕಾರಣಕ್ಕೆ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ನಿನಡಿ ನೋಂದಣಿ ರದ್ದು ಮಾಡಿಸಿ. ರದ್ದಾದ ಆದೇಶ ಕೈಗೆ ಬಂದ ಮೇಲೆ, ಕಾರಿನ ವಯಸ್ಸಿಗೆ ತಕ್ಕಂತೆ ಆಜೀವ ತೆರಿಗೆಯ ಒಂದು ಭಾಗವನ್ನು ಮರಳಿ ಕೇಳಲು ಅದೇ ಕಚೇರಿಯಲ್ಲಿ ಅರ್ಜಿ ಕೊಡಬಹುದು.